ಹಂಚಿ ಬರೆದ ಮಳೆ

ನಾನು ಹಾಲೆಂಡಿಗೆ ಹೋಗಿ ಬಂದೆನೆಂದು ಗೊತ್ತಾದ ಮೇಲೆ ಊರ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ವಿಮಾನದಲ್ಲಿ ಕಿವಿ ಮುಚ್ಚಿಕೊಳ್ಳುತ್ತವಂತೆ, ಹೌದೇ? ಅಲ್ಲಿಯ ಜನ ಊಟಕ್ಕೆ ಏನು ತಿನ್ನುತ್ತಾರೆ? ಕಿವಿ ಮುಚ್ಚಿಕೊಳ್ಳುತ್ತವೆ. ಮಧ್ಯಾಹ್ನ ತಣ್ಣನೆಯ ಬ್ರೆಡ್ಡು ತಿನ್ನುತ್ತಾರೆ. ಇಷ್ಟು ಹೇಳಿದರೆ ಅವರಿಗೆ ಸಾಕು. ಯಾಕೆ ಹೋಗಿದ್ದೆ, ಅಲ್ಲಿ ಹದಿನೈದು ದಿನ ಏನು ಮಾಡಿದೆ ಎಂದು ಯಾರೂ ಕೇಳಿಲ್ಲ. ಕೇಳಿದ್ದರೂ ಎದುರಿಗೆ ಕೂತು ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದವನು ನಾನು. ಅಲ್ಲಿಯ ಹೂವಿನ ತೋಟ, ಚಿತ್ರಶಾಲೆಗಳ ವರ್ಣನೆ ಬೇಕಾದವರು ಬೇರೆಯವರ ಬರಹ ಓದಬೇಕು. ನಾನು ಅವನ್ನು ನೋಡಲಿಲ್ಲ.

ಚಾವಡಿಯ ಹಿತ್ತಲು

ನವಲಗುಂದದಿಂದ ಶಲವಡಿಗೆ ಹೋಗುವ ಹಾದಿ ಬಿಟ್ಟು ಸ್ವಲ್ಪ ಒಳಗೆ ಬಂದರೆ ನಮ್ಮೂರು. ಊರ ಚಾವಡಿಯ ಹಿತ್ತಲಲ್ಲಿ ತಂತಿಬೇಲಿಯ ನಡುವೆ ಒಂದು ಮಳೆಮಾಪಕ ಇತ್ತು. ಊರವರ ಬಾಯಲ್ಲಿ ಅದು ಮಳಿ ಡಬ್ಬಿ. ಮೂವತ್ತೊಂದು ವರ್ಷ ಅದರ ಉಸ್ತುವಾರಿ ನನ್ನದು. ದಿನಾ ಮುಂಜಾನೆ ಎಂಟೂವರೆಗೆ ಡಬ್ಬಿಯೊಳಗೆ ಬಿದ್ದ ನೀರನ್ನು ಅಳತೆಯ ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ವಹಿಯಲ್ಲಿ ಬರೆಯಬೇಕು. ಮಳೆ ಇಲ್ಲದ ದಿನ ಸೊನ್ನೆ. ತಿಂಗಳಿಗೊಮ್ಮೆ ಆ ಅಂಕಿಗಳನ್ನು ತಾಲೂಕು ಕಚೇರಿಗೆ ಬರೆದು ಕಳಿಸಬೇಕು, ವಹಿ ನನ್ನಲ್ಲೇ ಇರುತ್ತದೆ. ಇಷ್ಟೇ ಕೆಲಸ.

ಚಾವಡಿಯ ಎದುರು ಮನೆ ಫಾತಿಮಾಬಿಯದು. ನವಲಗುಂದದಿಂದ ಮದುವೆಯಾಗಿ ಬರುವಾಗ ಅವಳು ಜಮಖಾನೆ ನೇಯುವ ಕಸುಬನ್ನೂ ಜೊತೆಗೆ ತಂದಿದ್ದಳು. ಅವಳು ಮಗ್ಗದ ಮುಂದೆ ಕೂತು ಎಳೆ ಎಣಿಸುತ್ತಿದ್ದರೆ ಅವಳ ಮಗಳು ನಸೀಮಾ ನನ್ನ ಹತ್ತಿರ ಬಂದು ಮಿಲಿಮೀಟರ್ ಎಣಿಸುತ್ತಿದ್ದಳು. ಗಾಜಿನಲ್ಲಿ ನೀರು ಅಂಚಿಗೆ ಏರಿ ನಡುವೆ ತಗ್ಗಾಗಿರುತ್ತದೆ. ಓದಬೇಕಾದ್ದು ಅಂಚನ್ನಲ್ಲ, ತಗ್ಗನ್ನು. ಇದನ್ನು ಅವಳಿಗೆ ಕಲಿಸಿದವನು ನಾನು. ಅವಳು ಈಗ ದೊಡ್ಡ ವಿಜ್ಞಾನಿ. ನಮ್ಮೂರಿನಿಂದ ನವಲಗುಂದ, ಅಲ್ಲಿಂದ ಧಾರವಾಡ, ಬೆಂಗಳೂರು, ಜರ್ಮನಿ ಹೀಗೆ ಓದುತ್ತ ಓದುತ್ತ ಹೋಗಿ ಹಾಲೆಂಡಿನಲ್ಲಿ ನಿಂತಳು. ಏನು ಕೆಲಸ ಮಾಡುತ್ತೀ ಎಂದು ಒಮ್ಮೆ ಫೋನಿನಲ್ಲಿ ಕೇಳಿದ್ದೆ.

“ನಿಮ್ಮ ಹೊಲಕ್ಕ ಕಾಲುವಿ ನೀರು ಬಿಡ್ತೀರಲ್ರಿ ಕಾಕಾ. ಅದರಾಗ ಅರ್ಧ ಬಿಸಲಿಗೆ ಹಾರಿ ಹೊಕ್ಕೈತಿ. ಅದು ಹೊಳ್ಳಿ ಎಲ್ಲಿ ಮಳಿಯಾಗಿ ಬೀಳ್ತೈತಿ ಅಂತ ಹುಡುಕೂದು. ಅಷ್ಟ ನೋಡ್ರಿ ನನ್ನ ಕೆಲಸ.”

ಹುಡುಕಿದ್ದಳು ಕೂಡ. ಕಾಲುವೆ ಬಂದ ಮೇಲೆ ನಮ್ಮ ಭಾಗದಲ್ಲಿ ದೊಡ್ಡ ಮಳೆಯ ದಿನಗಳು ಕಡಿಮೆಯಾಗಿ ಸಣ್ಣ ಮಳೆಯ ದಿನಗಳು ಹೆಚ್ಚಾಗಿವೆ, ಹೊಲದಿಂದ ಎದ್ದ ತೇವವೇ ಸಣ್ಣ ಮಳೆಯಾಗಿ ತಿರುಗಿ ಬೀಳುತ್ತಿದೆ ಎಂಬುದು ಅವಳ ವಾದ. ಅದಕ್ಕೆ ಮುಖ್ಯ ಆಧಾರ ನನ್ನ ವಹಿ. ಕಾಲುವೆ ಪ್ರದೇಶದ ನಟ್ಟನಡುವೆ ಒಂದು ದಿನವೂ ತಪ್ಪದೆ ಬರೆದ ಲೆಕ್ಕ ಬೇರೆ ಎಲ್ಲೂ ಸಿಕ್ಕಿರಲಿಲ್ಲವಂತೆ.

ಈಗ ನನ್ನ ತಪ್ಪು ಹೇಳುತ್ತೇನೆ. ನಸೀಮಾ ಹೈಸ್ಕೂಲಿಗೆಂದು ನವಲಗುಂದದ ಅಜ್ಜಿಯ ಮನೆಗೆ ಹೋದ ವರ್ಷವೇ ನಮ್ಮ ಹೊಲಕ್ಕೆ ಕಾಲುವೆ ನೀರು ಬಂತು. ನಾನೂ ಹೆಂಡತಿ ನೀಲವ್ವನೂ ಹೊಲದಲ್ಲೇ ಮನೆ ಕಟ್ಟಿಕೊಂಡು ಹೋದೆವು. ಅಲ್ಲಿಂದ ಚಾವಡಿಗೆ ನಾಲ್ಕು ಮೈಲಿ. ನಮ್ಮದು ಎರೆ ಮಣ್ಣು, ಒಣಗಿದರೆ ಕಲ್ಲು, ನೆನೆದರೆ ಅಂಟು. ಒಂದು ಜೋರು ಮಳೆ ಬಿದ್ದರೆ ಒಂದೊಂದು ಕಾಲಿಗೆ ಐದೈದು ಸೇರು ಮಣ್ಣು ಮೆತ್ತುತ್ತದೆ. ಸೈಕಲ್ಲೂ ಉರುಳುವುದಿಲ್ಲ, ಚಕ್ಕಡಿಯೂ ಏಳುವುದಿಲ್ಲ. ಹೀಗಾಗಿ ಮಳೆ ಬಂದ ದಿನವೇ ನನಗೆ ಮಳೆ ಅಳೆಯಲು ಹೋಗಲಾಗುತ್ತಿರಲಿಲ್ಲ. ಮೂರು ದಿನಕ್ಕೋ ನಾಲ್ಕು ದಿನಕ್ಕೋ ಹಾದಿ ಆರಿದ ಮೇಲೆ ಹೋದರೆ ಡಬ್ಬಿಯಲ್ಲಿ ಅಷ್ಟೂ ದಿನದ ನೀರು ಒಟ್ಟಿಗೇ ಇರುತ್ತಿತ್ತು.

ಅದನ್ನು ನಾನು ಹಂಚುತ್ತಿದ್ದೆ. ಇಪ್ಪತ್ತೆಂಟು ಇದ್ದರೆ ಮೊದಲ ದಿನಕ್ಕೆ ಹನ್ನೆರಡು, ಎರಡನೆಯದಕ್ಕೆ ಒಂಬತ್ತು, ಮೂರನೆಯದಕ್ಕೆ ಏಳು. ಅಣ್ಣತಮ್ಮಂದಿರಿಗೆ ಹೊಲ ಪಾಲು ಮಾಡಿದ ಹಾಗೆ. ಖಾಲಿ ಬಿಟ್ಟು “ಹೋಗಿಲ್ಲ” ಎಂದು ಬರೆಯಬಹುದಿತ್ತು. ಯಾರೂ ಬೇಡ ಅಂದಿರಲಿಲ್ಲ. ಆದರೆ ಒಂದು ದಿನವೂ ತಪ್ಪಿಸದ ಫಕ್ಕೀರಪ್ಪ ಎಂದು ನನಗೆ ಹೆಸರಿತ್ತು, ಶಾಲೆಯ ಮಕ್ಕಳ ಮುಂದೆ ನಿಲ್ಲಿಸಿ ಶಾಲು ಹೊದಿಸಿದ್ದರು. ಆ ಹೆಸರು ಬಿಡಲಾಗಲಿಲ್ಲ. ನೀಲವ್ವ ತೀರಿಕೊಂಡು ನಾನು ಊರಿಗೆ ಮರಳುವವರೆಗೆ ಹನ್ನೊಂದು ವರ್ಷ ಹೀಗೇ ನಡೆಯಿತು. ನಸೀಮಾ ಕಂಡ ಆ ಸಣ್ಣ ಮಳೆಗಳನ್ನು ಮಾಡಿದವನು ನಾನು.

ಹೋದ ವರ್ಷ ಅವಳು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದಳು. ಆ ದೇಶದಲ್ಲಿ ಹೊಸ ಪ್ರಾಧ್ಯಾಪಕರು ಎಲ್ಲರ ಮುಂದೆ ಒಂದು ಉಪನ್ಯಾಸ ಕೊಟ್ಟು ಪೀಠ ಹಿಡಿಯಬೇಕು. ಮನೆಯವರು ಮುಂದಿನ ಸಾಲಿನಲ್ಲಿ ಕೂಡುತ್ತಾರೆ. ಅವಳ ತಂದೆ ತಾಯಿ ಇಬ್ಬರೂ ಈಗಿಲ್ಲ.

“ನೀವ ಬರಬೇಕ್ರಿ ಕಾಕಾ. ಮತ್ತ ಆ ಹಳೇ ವಹಿ ಅದಾವಲ್ಲ, ಅವನ್ನೂ ತರ್ರಿ. ನನ್ನ ಹತ್ರ ಬರೇ ಅಂಕಿ ಅದಾವು. ಜನರಿಗೆ ನಿಮ್ಮ ಕೈಬರಹ ತೋರಸಬೇಕು.”

ಫೋನಿನಲ್ಲೇ ಹೇಳಿಬಿಡಬೇಕಿತ್ತು. “ಬರ್ತೀನವ್ವಾ” ಎಂದೆ.

ಆಮ್ಸ್ಟರ್‌ಡ್ಯಾಮಿನ ರೈಲು

ವಿಮಾನದ ಕಿಟಕಿಯಿಂದ ನೋಡಿದಾಗ ಹಾಲೆಂಡು ನವಲಗುಂದವೇ. ಗುಡ್ಡವಿಲ್ಲ, ಏರಿಲ್ಲ, ಚಪ್ಪಟೆ ನೆಲ. ನಮ್ಮಲ್ಲಿ ಬದು ಇರುವ ಕಡೆಯಲ್ಲೆಲ್ಲ ಅಲ್ಲಿ ನೀರಿನ ಗೆರೆ. ಕಾಲುವೆಗಳು ಹೊಲಕ್ಕಿಂತ ಎತ್ತರದಲ್ಲಿ ಹರಿಯುತ್ತವೆ. ನಾವು ಹೊಲಕ್ಕೆ ನೀರು ತರಲು ಒದ್ದಾಡಿದರೆ ಅವರು ಹೊಲದಿಂದ ನೀರು ಹೊರಗೆ ಹಾಕಲು ಒದ್ದಾಡುತ್ತಾರೆ.

ನಸೀಮಾ ವಿಮಾನ ನಿಲ್ದಾಣಕ್ಕೆ ಬಂದಿದ್ದಳು. ಕೂದಲು ನರೆತಿದೆ, ಕನ್ನಡಕ ಬಂದಿದೆ. ಮಾತು ಮಾತ್ರ ಹಾಗೇ ಇದೆ.

“ದಣಿದೀರೇನ್ರಿ? ವಹಿ ತಂದೀರಿಲ್ಲೋ?”

ಆರೋಗ್ಯ ಕೇಳಿದ ಉಸಿರಿನಲ್ಲೇ ವಹಿ ಕೇಳಿದಳು. ಹೆಗಲಿನ ಚೀಲ ತೋರಿಸಿದೆ.

ಅವಳ ಊರಿಗೆ ರೈಲಿನಲ್ಲಿ ಹೊರಟೆವು. ಚೀಲವನ್ನು ತಲೆಯ ಮೇಲಿನ ಹಲಗೆಯಲ್ಲಿಟ್ಟೆ. ಬೋಗಿ ತುಂಬ ಜನ, ಒಂದು ಮಾತಿಲ್ಲ. ನಮ್ಮ ಕಡೆ ಕುಂದಗೋಳದಲ್ಲಿ ರೈಲು ಹತ್ತಿದವನು ಹುಬ್ಬಳ್ಳಿ ಮುಟ್ಟುವುದರೊಳಗೆ ಬಾಜೂದವನ ಮೂರು ತಲೆಮಾರು ತಿಳಿದುಕೊಂಡಿರುತ್ತಾನೆ. ಇಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನನಗೂ ಅದೇ ಬೇಕಾಗಿತ್ತು. ಇಳಿಯುವ ಊರು ಬಂತು. ನಸೀಮಾ ನನ್ನ ಪೆಟ್ಟಿಗೆ ಹಿಡಿದು ಮುಂದೆ ಹೋದಳು. ನಾನು ಎದ್ದೆ, ಚೀಲದ ಕಡೆ ನೋಡಿದೆ, ಹಾಗೇ ಇಳಿದೆ.

ಮರೆತು ಬಿಟ್ಟಿದ್ದಲ್ಲ. ಕಳೆದುಹೋದ ವಹಿಯಲ್ಲಿ ಯಾರು ಏನು ಹುಡುಕುತ್ತಾರೆ ಎಂದುಕೊಂಡಿದ್ದೆ.

ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಕೂಗು. ಒಬ್ಬ ಬಹಳ ಎತ್ತರದ ಮನುಷ್ಯ ನನ್ನ ಚೀಲ ಎದೆಗವಚಿಕೊಂಡು ಓಡಿ ಬಂದ. ಅವನು ಅದನ್ನು ನನ್ನ ಕೈಗೆ ಕೊಡುವಷ್ಟರಲ್ಲಿ ಬಾಗಿಲು ಮುಚ್ಚಿ ರೈಲು ಹೊರಟೇ ಹೋಯಿತು. ಅವನ ಕೋಟು, ಕೊಡೆ ಎರಡೂ ಒಳಗೇ ಉಳಿದಿದ್ದವು. ನಸೀಮಾ ಅವನ ಭಾಷೆಯಲ್ಲಿ ಹತ್ತು ಸಲ ಕ್ಷಮೆ ಕೇಳಿದಳು. ಅವನು ನಗುತ್ತ ನನ್ನ ಭುಜ ತಟ್ಟಿ ಏನೋ ಹೇಳಿದ.

“ವಯಸ್ಸಾದವರಿಗೆ ಮರವು ಸಹಜ ಅಂತಾರ್ರಿ,” ಎಂದಳು ನಸೀಮಾ.

ಆ ಚಳಿಯಲ್ಲಿ ಬರೀ ಅಂಗಿಯಲ್ಲಿ ನಿಂತು ಅವನು ಮುಂದಿನ ರೈಲಿಗೆ ಕಾಯುತ್ತಿದ್ದ. ನಾನು ತಿರುಗಿ ನೋಡಲಿಲ್ಲ.

ಪರದೆಯಿಲ್ಲದ ಕಿಟಕಿ

ನಸೀಮಾ ಒಬ್ಬಳೇ ಇರುತ್ತಾಳೆ. ಮದುವೆಯಾಗಲಿಲ್ಲ. ಮುಂಜಾನೆ ಸೈಕಲ್ ಹತ್ತಿ ಹೋದರೆ ಬರುವುದು ಸಂಜೆ. ಉಪನ್ಯಾಸಕ್ಕೆ ಇನ್ನೂ ಐದು ದಿನವಿತ್ತು. ಹಗಲೆಲ್ಲ ನಾನು ಬೀದಿ ತಿರುಗುತ್ತಿದ್ದೆ. ಅಲ್ಲಿ ಕೆಂಪು ಹಾದಿ ಸೈಕಲ್ಲಿನದು. ಅದು ಗೊತ್ತಿಲ್ಲದೆ ಅದರ ನಡುವೆ ನಡೆದು, ಬಸುರಿಯೊಬ್ಬಳ ಸೈಕಲ್ಲಿಗೆ ಅಡ್ಡ ಬಂದು ಗಂಟೆ ಬಾರಿಸಿಕೊಂಡೆ.

ಅಲ್ಲಿಯ ಮನೆಗಳಿಗೆ ದೊಡ್ಡ ದೊಡ್ಡ ಗಾಜಿನ ಕಿಟಕಿ. ಪರದೆ ಹಾಕುವುದಿಲ್ಲ. ಒಳಗೆ ಉಣ್ಣುವವರು, ಓದುವವರು, ಬೆಕ್ಕು ಸವರುವವರು ಎಲ್ಲರೂ ಬೀದಿಗೆ ಕಾಣುತ್ತಾರೆ. ಮೊದಲ ದಿನ ನಾನು ಕಿಟಕಿಯೊಳಗಿನ ಒಬ್ಬ ಮುದುಕಿಗೆ ಕೈಮುಗಿದೆ. ಅವಳು ಗಾಬರಿಯಾಗಿ ಎದ್ದು ಒಳಗೆ ಹೋದಳು. ಎಲ್ಲ ಕಾಣುತ್ತದೆ, ಆದರೆ ನೋಡಬಾರದು. ಅದು ಅವರ ಪದ್ಧತಿ. ನಮ್ಮೂರಲ್ಲಿ ಬಾಗಿಲು ಹಾಕಿದ್ದರೂ ಒಳಗೆ ಏನು ಬೇಯುತ್ತಿದೆ ಎಂದು ಹೊರಗಿನವರಿಗೆ ಗೊತ್ತು. ಆದರೂ ಹನ್ನೊಂದು ವರ್ಷ ನನ್ನ ವಹಿ ಯಾರಿಗೂ ಕಾಣಲಿಲ್ಲ.

ಮಳೆ ದಿನಾ ಬರುತ್ತಿತ್ತು. ಅದನ್ನು ಮಳೆ ಎನ್ನಲು ನನಗೆ ಎರಡು ದಿನ ಬೇಕಾಯಿತು. ಗುಡುಗಿಲ್ಲ, ಗಾಳಿಯಿಲ್ಲ, ಮಣ್ಣಿನ ವಾಸನೆಯಿಲ್ಲ. ಕೈ ಚಾಚಿದರೆ ಒದ್ದೆ, ಅಷ್ಟೆ. ಯಾರೂ ತಲೆ ಎತ್ತಿ ನೋಡುವುದಿಲ್ಲ, ಯಾರೂ ಓಡುವುದಿಲ್ಲ. ನಮ್ಮಲ್ಲಿ ಉತ್ತರಿ ಮಳೆ ಎರಡು ಹನಿ ಉದುರಿಸಿದರೆ ಅಣ್ಣಿಗೇರಿಯ ಬೀಗರಿಗೆ ಫೋನ್ ಹೋಗುತ್ತದೆ.

ಸಂಜೆ ಅವಳು ಅಡುಗೆಮನೆಯಲ್ಲಿ ಉಪನ್ಯಾಸ ಓದಿ ರೂಢಿ ಮಾಡುತ್ತಿದ್ದಳು. ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, “ಈಗ ನಿಮ್ಮ ಹೆಸರು ಹೇಳ್ತೀನಿ. ಎದ್ದು ನಿಲ್ಲಬೇಕು,” ಎನ್ನುತ್ತಿದ್ದಳು. ಇಂಗ್ಲಿಷಿನ ಸಾಲುಗಳ ನಡುವೆ ಫಕ್ಕೀರಪ್ಪ ಎಂದು ಕೇಳಿದ ಕೂಡಲೆ ನಾನು ಏಳಬೇಕು.

“ಹಂಗ ಅಲ್ರಿ ಕಾಕಾ, ಜಡ್ಜ್ ಸಾಹೇಬರ ಮುಂದ ಆರೋಪಿ ಎದ್ದಂಗ ಏಳ್ತೀರಿ. ನಗ್ರಿ ಸ್ವಲ್ಪ.”

“ನಸೀಮಾ, ಒಂದು ಮಾತಿತ್ತು.”

“ಹೇಳ್ರಿ.”

“ಪಲ್ಯಾಕ್ಕ ಉಪ್ಪು ಕಡಿಮಿ ಆಗೇತಿ.”

ಇನ್ನೊಂದು ಸಂಜೆಯೂ ಹೀಗೇ ಆಯಿತು. ಆ ದಿನ ಚಹಾದ ಸಕ್ಕರೆಯ ಮಾತಾಡಿದೆ.

ಹೆಂಕನ ಹಿತ್ತಲು

ಉಪನ್ಯಾಸದ ಹಿಂದಿನ ದಿನ ಅವಳು ರಜೆ ಹಾಕಿದಳು. “ನಿಮ್ಮಂಥವರ ಒಬ್ಬರು ಅದಾರ್ರಿ ಇಲ್ಲಿ, ಭೆಟ್ಟಿ ಮಾಡಸ್ತೀನಿ,” ಎಂದು ಬಸ್ಸಿನಲ್ಲಿ ಒಂದು ಹಳ್ಳಿಗೆ ಕರೆದುಕೊಂಡು ಹೋದಳು.

ಅವನ ಹೆಸರು ಹೆಂಕ್. ಹೈನ ಮಾಡಿಕೊಂಡಿದ್ದವನು, ಈಗ ಎಂಬತ್ತು ದಾಟಿದೆ. ನಲವತ್ತು ವರ್ಷದಿಂದ ಅವನ ಹಿತ್ತಲಲ್ಲೂ ಒಂದು ಮಳಿ ಡಬ್ಬಿ ಇದೆ. ಆ ದೇಶದಲ್ಲಿ ಇಂಥ ಜನ ಊರೂರಿಗೂ ಇದ್ದಾರಂತೆ, ಸಂಬಳವಿಲ್ಲದೆ ದಿನಾ ಮುಂಜಾನೆ ಅಳೆದು ಕಳಿಸುತ್ತಾರೆ. ನಾವಿಬ್ಬರೂ ಹುಲ್ಲಿನಲ್ಲಿ ಬಗ್ಗಿ ಡಬ್ಬಿ ನೋಡಿದೆವು. ಅವನು ನೀರು ಸುರಿದು ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಉಗುರಿನಿಂದ ತಗ್ಗನ್ನು ತೋರಿಸಿದ. ನಾನು ತಲೆಯಾಡಿಸಿದೆ. ಒಬ್ಬರ ಭಾಷೆ ಒಬ್ಬರಿಗೆ ಬೇಕಾಗಲಿಲ್ಲ.

ಒಳಗೆ ಕಾಫಿ ಕೊಟ್ಟ. ಡಬ್ಬಿ ತೆರೆದು ಒಂದೊಂದು ಬಿಸ್ಕೀಟು ಕೊಟ್ಟು ಡಬ್ಬಿ ಮುಚ್ಚಿಬಿಟ್ಟ. ಆಮೇಲೆ ವಹಿ ತಂದು ಹರಡಿದ. ಪುಟ ತಿರುಗಿಸುತ್ತಿದ್ದಾಗ ಒಂದು ಕಡೆ ನಾಲ್ಕು ದಿನ ಖಾಲಿ. ಅವನ್ನು ಸೇರಿಸಿ ಒಂದು ಕಂಸ, ಅದರ ಬಾಜು ಒಂದೇ ಅಂಕಿ. ಬೆರಳಿಟ್ಟು ಏನು ಎಂದು ಸನ್ನೆ ಮಾಡಿದೆ. ಹೆಂಕ್ ದೊಡ್ಡದಾಗಿ ನಕ್ಕು, ಏಣಿ ಹತ್ತುವುದನ್ನೂ ಬೀಳುವುದನ್ನೂ ಅಭಿನಯಿಸಿ ಸೊಂಟ ಹಿಡಿದುಕೊಂಡ.

“ದವಾಖಾನಿಯಾಗ ಇದ್ರಂತ್ರಿ ನಾಕು ದಿನ,” ಎಂದಳು ನಸೀಮಾ. “ಹೊಳ್ಳಿ ಬಂದ ಮ್ಯಾಲೆ ನಾಕೂ ದಿನದ್ದು ಕೂಡಿಸಿ ಬರದಾರ. ಖಾಲಿ ಬಿಡಾಕ ನಾಚಿಕಿ ಆಗಲಿಲ್ಲೇನು ಅಂತ ನಾನೂ ಒಮ್ಮೆ ಚಾಷ್ಟಿ ಮಾಡಿದ್ದೆ. ನಾಚಿಕಿ ಯಾಕ, ಏಣಿ ಮ್ಯಾಲಿಂದ ಬಿದ್ದಿದ್ದು ಖರೆ ಅಲ್ಲೇನು ಅಂದ್ರು.”

ಆ ಕಂಸದ ಮೇಲಿನಿಂದ ನನಗೆ ಬೆರಳು ತೆಗೆಯಲಾಗಲಿಲ್ಲ. ಒಂದು ಗೆರೆ. ಅಷ್ಟು ಎಳೆದಿದ್ದರೆ ಆಗುತ್ತಿತ್ತು.

ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಗಾಜಿನ ಗೂಡಿನಲ್ಲಿ ಕೂತಿದ್ದೆವು. ಹೊರಗೆ ಅದೇ ಸದ್ದಿಲ್ಲದ ಮಳೆ.

“ನಸೀಮಾ, ನನ್ನ ವಹಿಯಾಗ ಖಾಲಿ ಜಾಗಾ ಒಂದೂ ಇಲ್ಲ.”

“ಅದಕ್ಕ ಅಲ್ಲೇನ್ರಿ ನಿಮ್ಮನ್ನ ಇಲ್ಲಿತನಕ ಕರಿಸಿದ್ದು.”

“ಇರಬೇಕಾಗಿತ್ತವ್ವಾ.”

ಅವಳು ನಗುಮುಖದಲ್ಲೇ ನನ್ನ ಕಡೆ ತಿರುಗಿದಳು. ನಾನು ರಸ್ತೆ ನೋಡುತ್ತ ಹೇಳಿದೆ. ಹೊಲದ ಮನೆ, ನಾಲ್ಕು ಮೈಲಿ, ಎರೆ ಮಣ್ಣು, ಹಾದಿ ಆರಿದ ಮೇಲೆ ಒಟ್ಟಿಗೆ ಸಿಕ್ಕ ನೀರು, ಅದನ್ನು ಹಂಚಿದ್ದು.

“ಎಷ್ಟು ದಿನ ಹಿಂಗ?”

“ದಿನ ಅಲ್ಲವ್ವಾ. ಹನ್ನೊಂದು ವರ್ಷ.”

“ಯಾವ ಹನ್ನೊಂದು?”

“ನೀ ನವಲಗುಂದಕ್ಕ ಹ್ವಾದಾಗಿಂದ, ನೀಲವ್ವ ಹೋಗೂತನಕ.”

“ಕಾಲುವಿ ಬಂದಾಗಿಂದ,” ಎಂದಳು. “ಒಂದು ದೊಡ್ಡ ಮಳಿ ಮುರದು ಮೂರು ಸಣ್ಣ ಮಳಿ ಮಾಡಿದ್ರಿ.”

“ಹೌದು.”

“ಹತ್ತು ವರ್ಷ ಆತ್ರಿ, ದೇಶ ದೇಶ ತಿರಿಗಿ ಹೇಳೀನಿ. ನನ್ನ ಕೈಯಾಗ ಕಲತ ಇಬ್ಬರು ಇದರ ಮ್ಯಾಲ ಡಾಕ್ಟರ್ ಆಗ್ಯಾರ. ನಾಳೆ ನನ್ನ ಭಾಷಣ. ಇವತ್ತ ಹೇಳ್ತೀರಿ?”

“ಇವತ್ತರೆ ಹೇಳಿದ್ನಲ್ಲ.”

ಆ ಮಾತು ಆಡಬಾರದಿತ್ತು. ಅವಳ ಮುಖ ಬಿಗಿಯಿತು.

“ಇದಕ್ಕ ಏನನ್ನೂಣು? ಮೈಗಳ್ಳತನ ಅನ್ನೂಣೋ, ಜಂಬ ಅನ್ನೂಣೋ?”

“ಎರಡೂ ಅನ್ನು. ರೈಲಿನಾಗ ಚೀಲಾ ಮರತಿರಲಿಲ್ಲ ನಾನು. ಬೇಕಂತ ಬಿಟ್ಟಿದ್ದೆ. ಅದನ್ನೂ ಸೇರಿಸ್ಕೊ.”

ಬಸ್ಸು ಬಂತು. ಎರಡು ಜನ ಕೂಡುವ ಸೀಟಿನಲ್ಲಿ ನಾನು ಕಿಟಕಿ ಕಡೆ ಸರಿದು ಕೂತೆ. ಅವಳು ನಾಲ್ಕು ಸಾಲು ಮುಂದೆ ಹೋಗಿ ಒಬ್ಬಳೇ ಕೂತಳು. ಇಡೀ ಹಾದಿ ಅವಳ ಹಿಂದಲೆಯನ್ನು ನೋಡುತ್ತ ಬಂದೆ.

ಕೋಲಿನ ಹಿಂದೆ ಮೆರವಣಿಗೆ

ಮರುದಿನ ಅವಳು ನನ್ನನ್ನು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. “ಕೋಟು ಹಾಕ್ಕೋರಿ, ಹೋಗೂಣು,” ಎಂದಳು, ಅಷ್ಟೆ.

ಹಳೆಯ ಕಲ್ಲಿನ ಸಭಾಂಗಣ. ಒಬ್ಬ ಗಂಟೆ ಕಟ್ಟಿದ ಕೋಲು ಹಿಡಿದು ನೆಲಕ್ಕೆ ಕುಟ್ಟುತ್ತ ಮುಂದೆ ಬಂದ. ಅವನ ಹಿಂದೆ ಕರಿ ನಿಲುವಂಗಿ, ಕರಿ ಟೋಪಿ ಹಾಕಿದ ಪ್ರಾಧ್ಯಾಪಕರು ಇಬ್ಬಿಬ್ಬರಾಗಿ ಬಂದರು. ನಮ್ಮ ಕಡೆ ಸ್ವಾಮಿಗಳ ಮುಂದೆ ನಂದಿಕೋಲು ನಡೆದ ಹಾಗೆಯೇ, ಹಲಗೆ ಬಾಜಾ ಮಾತ್ರ ಇಲ್ಲ. ಎಲ್ಲರೂ ಎದ್ದು ನಿಂತೆವು. ಕೊನೆಯಲ್ಲಿ ನಸೀಮಾ. ಆ ಅಂಗಿಯೊಳಗೆ ಫಾತಿಮಾಬಿಯ ಮಗಳು ಚಿಕ್ಕವಳಾಗಿ ಕಂಡಳು.

ಮುಂದಿನ ಸಾಲಿನಲ್ಲಿ ಮನೆಯವರ ಜಾಗದ ನಾಲ್ಕು ಕುರ್ಚಿಗಳಲ್ಲಿ ನಾನೊಬ್ಬನೇ ಕೂತಿದ್ದೆ.

ಅವಳು ಮಾತಾಡಿದ್ದು ನನಗೆ ತಿಳಿಯಲಿಲ್ಲ. ಪರದೆಯ ಮೇಲೆ ಚಿತ್ರಗಳು ಬರುತ್ತಿದ್ದವು. ಮೋಡ, ಸಮುದ್ರ, ನಮ್ಮ ಕಡೆಯ ಕರಿ ಹೊಲ. ಅಡುಗೆಮನೆಯಲ್ಲಿ ನನ್ನ ಹೆಸರು ಬರುತ್ತಿದ್ದ ಜಾಗ ಹತ್ತಿರವಾದಾಗ ಏಳಲೆಂದು ಕುರ್ಚಿಯ ತುದಿಗೆ ಸರಿದೆ. ಪರದೆ ಬೆಳ್ಳಗಾಯಿತು. ಅದರಲ್ಲಿ ಏನೂ ಇರಲಿಲ್ಲ. ಅವಳು ಕಾಗದ ಬದಿಗಿಟ್ಟು ನಾಲ್ಕೈದು ವಾಕ್ಯ ಹೇಳಿದಳು. ಹಿರಿಯ ಪ್ರಾಧ್ಯಾಪಕರೊಬ್ಬರು ಟೋಪಿ ಸರಿಮಾಡಿಕೊಂಡು ಮುಂದೆ ಬಾಗಿದರು. ಫಕ್ಕೀರಪ್ಪ ಎಂಬ ಹೆಸರು ಬರಲಿಲ್ಲ. ನಾನು ಏಳಲಿಲ್ಲ.

ಆಗ ಅವಳು ಹೇಳಿದ್ದೇನೆಂದು ಆಮೇಲೆ ಅವಳಿಂದಲೇ ಕೇಳಿ ತಿಳಿದೆ. “ನನ್ನ ಕೆಲಸಕ್ಕೆ ಆಧಾರವಾದ ಲೆಕ್ಕದಲ್ಲಿ ಹನ್ನೊಂದು ವರ್ಷ ದಿನದ ಅಳತೆ ಅಲ್ಲವೆಂದು ನಿನ್ನೆ ತಿಳಿಯಿತು. ಬರೆದವರೇ ಹೇಳಿದರು. ಮತ್ತೆ ನೋಡುವವರೆಗೆ ಈ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.” ಪೀಠ ಹಿಡಿಯುವ ದಿನವೇ.

ಉಪನ್ಯಾಸ ಮುಗಿದ ಮೇಲೆ ಚಹಾ ಕೂಟ. ಅಲ್ಲೊಂದು ಪದ್ಧತಿ ಇದೆ. ಯಾರಿಗಾದರೂ ಒಳ್ಳೆಯದಾದರೆ ಅವರಿಗೆ ಮಾತ್ರವಲ್ಲ, ಜೊತೆಗೆ ಬಂದ ಮನೆಯವರಿಗೂ ಕೈ ಕುಲುಕಿ ಅಭಿನಂದನೆ ಹೇಳುತ್ತಾರೆ. ಸಾಲು ಉದ್ದವಿತ್ತು. ಒಬ್ಬರಾದ ಮೇಲೆ ಒಬ್ಬರು ಬಂದು ನಸೀಮಾಳ ಕೈ ಕುಲುಕಿ, ಬಾಜು ನಿಂತ ನನ್ನ ಕೈಯನ್ನೂ ಹಿಡಿದು ನಗುನಗುತ್ತ ಅಭಿನಂದಿಸಿದರು. ಹೆಂಕನೂ ಬಂದಿದ್ದ, ಎರಡೂ ಕೈಯಿಂದ ಹಿಡಿದ. ಬರೆದವನು ನಾನೇ ಎಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ. ಇಂಗ್ಲಿಷಿನಲ್ಲಿ ನನಗೆ ಬರುತ್ತಿದ್ದದ್ದು ಥ್ಯಾಂಕ್ಯೂ ಒಂದೇ. ಅದನ್ನೇ ನೂರು ಸಲ ಹೇಳಿದೆ. ಚಿಕ್ಕಂದಿನಲ್ಲಿ ಮಾಸ್ತರರು ಹೊಡೆದದ್ದೂ ಅಷ್ಟು ಉರಿದಿರಲಿಲ್ಲ.

ಒಂದು ಮೇಜು, ಎರಡು ಪೆನ್ಸಿಲ್

ಹೊರಡುವುದಕ್ಕೆ ಎಂಟು ದಿನ ಉಳಿದಿತ್ತು. ಮರುದಿನ ಮುಂಜಾನೆ ಅವಳು ಊಟದ ಮೇಜು ಖಾಲಿ ಮಾಡಿ ವಹಿಗಳನ್ನು ಇಟ್ಟಳು. ಒಂದು ನೀಲಿ ಪೆನ್ಸಿಲ್, ಒಂದು ಕೆಂಪು.

“ಕೂಡ್ರಿ. ಒಂದೊಂದ ದಿನಾ ಹೇಳ್ರಿ. ಖರೆ ಇದ್ದದ್ದಕ್ಕ ನೀಲಿ. ಹಂಚಿದ್ದಕ್ಕ ಕೂಡಿಸಿ ಕಂಸ. ನೆನಪಿಲ್ಲದ್ದಕ್ಕ ಕೆಂಪು.”

“ಇಷ್ಟು ವರ್ಷದ ಹಿಂದಿಂದು ಹೆಂಗ ನೆನಪಿರತೈತಿ?”

“ನಿಮ್ಮ ಕೈಬರಹ ನಿಮಗ ಗೊತ್ತಿರತೈತಿ.”

ಅದು ನಿಜವಾಗಿತ್ತು. ಮೂರು ದಿನದ್ದನ್ನು ಒಂದೇ ಸಲ ಕೂತು ಬರೆದ ಕಡೆ ಮಸಿಯ ಬಣ್ಣ ಒಂದೇ, ಅಂಕಿಗಳ ವಾಲುವಿಕೆ ಒಂದೇ. ದಿನಾ ಬರೆದ ಕಡೆ ಒಂದು ದಿನ ದಪ್ಪ, ಒಂದು ದಿನ ತೆಳು. ಅವಳ ಹತ್ತಿರವಿದ್ದ ಬರೀ ಅಂಕಿಗಳಲ್ಲಿ ಇದು ಕಾಣುತ್ತಿರಲಿಲ್ಲ. ವಹಿ ರೈಲಿನಲ್ಲೇ ಹೋಗಿದ್ದರೆ ಯಾವ ದಾರಿಯೂ ಇರಲಿಲ್ಲ. ಡಬ್ಬಿಯ ಒಟ್ಟು ನೀರು ಸುಳ್ಳಲ್ಲವಲ್ಲ. ಹಂಚಿದ ದಿನಗಳನ್ನು ಮತ್ತೆ ಕೂಡಿಸಿದರೆ ಸ್ವಲ್ಪವಾದರೂ ಉಳಿಯುತ್ತದೆ ಎಂದಳು. ಎಷ್ಟು ಉಳಿಯುತ್ತದೆ, ಅವಳ ವಾದ ನಿಲ್ಲುತ್ತದೋ ಬೀಳುತ್ತದೋ ಎಂಬುದು ಇನ್ನೆರಡು ವರ್ಷದ ಕೆಲಸ.

ಹೀಗೆ ನಾನು ಹಾಲೆಂಡಿನಲ್ಲಿ ಕೂತು ನಮ್ಮೂರಿನ ಮಳೆಗಾಲಗಳನ್ನು ಮತ್ತೆ ದಾಟಿದೆ.

“ಇದು?”

“ಖರೆ. ಅವತ್ತ ನೀಲವ್ವನ ತಮ್ಮನ ಮದುವಿ. ಊರಾಗ ಇದ್ದೆ.”

“ಇದು?”

“ಕಂಸ ಹಾಕು. ಐದು ದಿನದ್ದು. ಚಕ್ಕಡಿ ಹುಗದಿತ್ತು, ಎತ್ತು ಬಿಚ್ಚಿಕೊಂಡು ನಡಕೋತ ಮನಿಗೆ ಬಂದಿದ್ದೆ.”

“ಇದು?”

“ಇದು ಹದಿನಾಕ ಆಗಿರಬೇಕು, ಯಾಕಂದ್ರ ಆ ವರ್ಷ ಹುಬ್ಬಿ ಮಳಿ...”

“ಕಾಕಾ, ಮತ್ತ ಹಂಚಾಕ ಹತ್ತಿದ್ರಿ. ಗೊತ್ತಿದ್ರ ಗೊತ್ತು, ಇಲ್ಲಂದ್ರ ಇಲ್ಲ.”

“ಇಲ್ಲ.”

ಕೆಂಪು ಎಳೆದಳು.

ಮಧ್ಯಾಹ್ನ ಅವಳು ಎದ್ದು ಬ್ರೆಡ್ಡು ಕೊಯ್ದು ನನ್ನ ಮುಂದಿಟ್ಟು, ತಾನು ಕಿಟಕಿಯ ಹತ್ತಿರ ನಿಂತು ತಿನ್ನುತ್ತಿದ್ದಳು. ಮೊದಲು ಸಂಜೆ ಊರಿನ ಸುದ್ದಿ ಕೇಳುತ್ತಿದ್ದವಳು ಈಗ ಕೇಳುತ್ತಿರಲಿಲ್ಲ. ಒಂದು ಮೇಜಿನ ಎರಡು ಬದಿ ಕೂತು ದಿನವಿಡೀ ಮಾತಾಡಿದರೂ ನಾವಿಬ್ಬರೂ ಮಾತಾಡಲಿಲ್ಲ. ಮನೆಯಲ್ಲಿ ಒಬ್ಬನೇ ಇದ್ದು ನನಗೆ ರೂಢಿ. ಎದುರಿಗೆ ಒಬ್ಬರಿದ್ದೂ ಒಬ್ಬನೇ ಆಗಿರುವುದು ಅದಕ್ಕಿಂತ ಕಷ್ಟ.

ಕೊನೆಯ ವಹಿಯಲ್ಲಿ ನೀಲವ್ವ ಹೋದ ವಾರ ಬಂತು. ದವಾಖಾನೆಯ ಏಳು ದಿನ. ಅಲ್ಲೂ ನಾನು ಅಂಕಿ ಬರೆದಿದ್ದೆ. ಮಣ್ಣು ಮಾಡಿ ಬಂದ ಮೂರನೆಯ ದಿನ ಚಾವಡಿಗೆ ಹೋಗಿ, ಸಾಲು ತಪ್ಪಬಾರದೆಂದು ಏಳೂ ಜಾಗ ತುಂಬಿಸಿದ್ದೆ. ನಾನೇ ಕೆಂಪು ಪೆನ್ಸಿಲ್ ತೆಗೆದುಕೊಂಡು ಏಳನ್ನೂ ಹೊಡೆದೆ. ನಸೀಮಾ ತಾರೀಖು ನೋಡಿದಳು. ವಹಿಯನ್ನು ತನ್ನ ಕಡೆ ಎಳೆದುಕೊಂಡು ಬಹಳ ಹೊತ್ತು ಆ ಪುಟದ ಮೇಲೆ ಕೈಯಿಟ್ಟು ಕೂತಿದ್ದಳು.

ವಿಮಾನ ನಿಲ್ದಾಣದಲ್ಲಿ ಒಳಗೆ ಹೋಗುವ ಮೊದಲು, “ನನಗ ಇನ್ನೂ ಸಿಟ್ಟೈತ್ರಿ ಕಾಕಾ,” ಎಂದಳು.

“ಇರಲಿ ಬಿಡವ್ವಾ.”

“ಮನಿ ಮುಟ್ಟಿದ ಮ್ಯಾಲೆ ಅವಸರಾ ಮಾಡಿ ಫೋನ್ ಹಚ್ಚಬ್ಯಾಡ್ರಿ. ನಾನ ಹಚ್ಚತೀನಿ.”

ಊರು

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ರಸ್ತೆಯ ಎರಡೂ ಕಡೆ ಹೊಲ ಕಪ್ಪಗೆ ಹೊಳೆಯುತ್ತಿತ್ತು. ಹಿಂಗಾರಿ ಮಳೆ ಆಗಿತ್ತು. ಬಸ್ಸಿನವರೆಲ್ಲ ಅದನ್ನೇ ಮಾತಾಡುತ್ತಿದ್ದರು. ಒಬ್ಬನು ಎರಡು ಇಂಚು ಅಂದರೆ ಇನ್ನೊಬ್ಬನು ಮೂರು ಅನ್ನುತ್ತಿದ್ದ. ಬೀಗ ತೆಗೆದು ಮನೆಯೊಳಗೆ ಹೋದೆ. ಕಸ ಗುಡಿಸಿ ಚಹಾ ಮಾಡಿಕೊಂಡೆ.

ನಾಲ್ಕು ದಿನ ಫೋನ್ ಬರಲಿಲ್ಲ. ಐದನೆಯ ದಿನ ಮಧ್ಯಾಹ್ನ ಬಂತು.

“ಆರಾಮ ಮುಟ್ಟಿದ್ರಿ?”

“ಮುಟ್ಟೀನವ್ವಾ.”

“ಅಲ್ಲಿ ಮಳಿ ಆತಂತಲ್ರಿ. ಎಷ್ಟಾತು?”

ಈಗ ನಮ್ಮೂರ ಪಂಚಾಯಿತಿ ಮಾಳಿಗೆಯ ಮೇಲೆ ತಾನೇ ಅಳೆದು ತಾನೇ ಕಳಿಸುವ ಯಂತ್ರ ಕೂತಿದೆ. ಮಳೆಯ ಸಂಗತಿ ನನ್ನನ್ನು ಯಾರಾದರೂ ಕೇಳಿ ಬಹಳ ವರ್ಷವಾಯಿತು.

“ಯಂತ್ರದ್ದು ನಿನಗ ಅಲ್ಲೇ ಕಾಣತೈತಲ್ಲ.”

“ಕಾಣತೈತಿ. ನಿಮ್ಮನ್ನ ಕೇಳಾಕ ಹತ್ತೀನಿ.”

ಅಂಗಳ ನೋಡಿದೆ. ಗೋಡೆಯ ಬುಡದ ಒದ್ದೆ ಎಷ್ಟು ಎತ್ತರಕ್ಕೆ ಏರಿದೆ, ಹೊಲದಲ್ಲಿ ಕೈ ಎಷ್ಟು ಇಳಿಯಬಹುದು, ಎಲ್ಲ ತಾನೇ ಲೆಕ್ಕವಾಯಿತು. ನಲವತ್ತೆರಡು ಎಂಬ ಅಂಕಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಬಹುಶಃ ಸರಿಯೂ ಇರುತ್ತಿತ್ತು.

“ಗೊತ್ತಿಲ್ಲವ್ವಾ,” ಎಂದೆ. “ನಾ ಅಳದಿಲ್ಲ.”

ಆ ಕಡೆಯಿಂದ ಪೆನ್ಸಿಲ್ ಕಾಗದದ ಮೇಲೆ ಸರಿದಾಡುವ ಸದ್ದು ಕೇಳಿತು.

“ಹಂಗಂತನ ಬರಕೋತೀನ್ರಿ,” ಎಂದಳು.